ಶರಬತ್ತು ನಿಮ್ಮದು, ಹೆಸರೂ ನಿಮ್ಮದಾಗಲಿ

ಬೇಸಿಗೆ ಬಂತೆಂದರೆ ನಿಮ್ಮ ಕೈರುಚಿಯ ಪುನರ್ಪುಳಿ ಶರಬತ್ತಿಗೆ ಎಲ್ಲಿಲ್ಲದ ಬೇಡಿಕೆಯೇ? ಬಾಟಲಿಗೆ ಚೆಂದದ ಹೆಸರಿಟ್ಟು ಮಾರುತ್ತಿದ್ದೀರಾ? ನಾಳೆ ಅದೇ ಹೆಸರನ್ನು ಬೇರೆ ಯಾರೋ ನೋಂದಾಯಿಸಿಕೊಂಡರೆ ನೀವೇ ಅಲೆದಾಡಬೇಕಾದೀತು!

ಆಹಾರ ಪರವಾನಗಿ ಇದೆಯಲ್ಲಾ ಅಂತೀರಾ? ಅದು ಹೆಸರನ್ನು ಕಾಯುವುದಿಲ್ಲ. ಅದಕ್ಕೆ ಟ್ರೇಡ್‌ಮಾರ್ಕೇ ಬೇಕು.

* ಬರೀ ‘ಪುನರ್ಪುಳಿ ಶರಬತ್ತು’ ಎಂದರೆ ನೋಂದಣಿ ಸಿಗದು, ಅದು ಎಲ್ಲರ ಮಾತು. ನಿಮ್ಮದೇ ಆದ ಹೆಸರು ಹುಡುಕಿ.

* ಆ ಹೆಸರು ಈಗಾಗಲೇ ಬೇರೆಯವರದ್ದೇ ಎಂದು ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ ವೆಬ್‌ಸೈಟಿನಲ್ಲಿ ನೋಡಿ.

* ಶರಬತ್ತು, ಜ್ಯೂಸ್‌ಗಳಿಗೆ 32ನೇ ವರ್ಗದಲ್ಲಿ ಅರ್ಜಿ ಹಾಕಿ. 2017ರ ನಿಯಮದಂತೆ ವ್ಯಕ್ತಿಗಳಿಗೆ ಆನ್‌ಲೈನ್ ಶುಲ್ಕ 4,500 ರೂ.

* ನೋಂದಣಿಯ ಅವಧಿ 10 ವರ್ಷ. ಆಮೇಲೆ ನವೀಕರಿಸಿಕೊಳ್ಳಿ.

ಹಳೆಯ ಬಿಲ್ಲು, ಲೇಬಲ್‌ಗಳನ್ನು ಮಾತ್ರ ಎಸೆಯಬೇಡಿ. ಆ ಹೆಸರನ್ನು ಮೊದಲು ಬಳಸಿದ್ದು ನೀವೇ ಅನ್ನೋದಕ್ಕೆ ಅವೇ ಸಾಕ್ಷಿ!