ಮಣ್ಣನ್ನು ಕೊಳ್ಳಬೇಕಿಲ್ಲ, ಬೆಳೆಯಬಹುದು

ಮಳೆಗಾಲ ಸಮೀಪಿಸುತ್ತಿದ್ದಂತೆ ಶಿವಮೊಗ್ಗದ ನಮ್ಮ ವಿನೋಬನಗರದ ಬೀದಿಗಳಿಗೆ ಕೆಮ್ಮಣ್ಣು ಹೊತ್ತ ಟ್ರ್ಯಾಕ್ಟರ್‌ಗಳು ಬರತೊಡಗುತ್ತವೆ. ಮನೆ ಕಟ್ಟಿ ಉಳಿದ ಜಲ್ಲಿ, ಇಟ್ಟಿಗೆ ಚೂರುಗಳನ್ನು ಹಿತ್ತಿಲಲ್ಲೇ ಹೂತು, ಮೇಲೆ ನಾಲ್ಕು ಬುಟ್ಟಿ ಹೊಸ ಮಣ್ಣು ಹರಡಿ ಗುಲಾಬಿ ನೆಡುವುದು ನಗರದ ರೂಢಿ. ಮಳೆ ನಿಂತ ಮೇಲೆ ಆ ಮಣ್ಣು ಗಾರೆಯಂತೆ ಬಿಗಿಯುತ್ತದೆ. ಮರುವರ್ಷ ಮತ್ತೊಂದು ಟ್ರ್ಯಾಕ್ಟರ್. ಇದಕ್ಕಾಗಿ ಎಲ್ಲಿಯದೋ ಗುಡ್ಡದ ಮೈ ಕೆರೆಯಲಾಗಿದೆ ಎಂಬುದು ನಮಗೆ ಹೊಳೆಯುವುದೇ ಇಲ್ಲ. 1951ರಲ್ಲಿ ಪೋಚಂಪಳ್ಳಿಯಿಂದ ಭೂದಾನ ಆರಂಭಿಸಿದ ವಿನೋಬಾ ಭಾವೆಯವರ ಹೆಸರು ಹೊತ್ತ ಬಡಾವಣೆಗಾದರೂ ಇದು ಕಸಿವಿಸಿ ಉಂಟುಮಾಡಬೇಕು.

ಸತ್ವಗುಂದಿದ ನೆಲದ ಮೇಲೆ ಇನ್ನಷ್ಟು ಮಣ್ಣು ಸುರಿದ ಮಾತ್ರಕ್ಕೆ ಸತ್ವ ಹೆಚ್ಚದು. ಅದಕ್ಕೆ ಸಾವಯವ ಅಂಶ ಬೇಕು. ಮಲೆನಾಡಿನ ಅಡಿಕೆ ಬೆಳೆಗಾರರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಸೊಪ್ಪಿನ ಬೆಟ್ಟದ ಹಸಿರೆಲೆ, ಒಣಗಿದೆಲೆಗಳು ಕೊಟ್ಟಿಗೆಯ ಮೂಲಕ ಗೊಬ್ಬರವಾಗಿ ಅಡಿಕೆ ಮರದ ಬುಡ ಸೇರುತ್ತಿದ್ದವು. ಮೂವತ್ತು-ನಲವತ್ತರ ನಿವೇಶನದವರಿಗೆ ಬೆಟ್ಟವೂ ಇಲ್ಲ, ಕೊಟ್ಟಿಗೆಯೂ ಇಲ್ಲ. ಆದ್ದರಿಂದ ಸೊಪ್ಪನ್ನು ಹಿತ್ತಿಲಿನಲ್ಲಿಯೇ ಬೆಳೆದುಕೊಳ್ಳಬೇಕು.

ನಾನು ಆರಿಸಿಕೊಂಡದ್ದು ಅಪ್ಸೆಣಬು. ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗಕ್ಕೆ 40–50 ಗ್ರಾಂ ಬೀಜ ಸಾಕು. ಮೊದಲ ಮಳೆಗೆ ನೆಲ ಕೆದಕಿ, ಬೀಜ ಎರಚಿ, ತೆಳುವಾಗಿ ಮಣ್ಣು ಮುಚ್ಚಿದರಾಯಿತು. ದಟ್ಟವಾಗಿ ಬೆಳೆಯುವುದರಿಂದ ಕಳೆಗೆ ಬಿಸಿಲು ಸಿಗದು, ಮಳೆಹನಿ ನೇರವಾಗಿ ನೆಲಕ್ಕೆ ಬಡಿಯದು. ದ್ವಿದಳ ಜಾತಿಯ ಈ ಗಿಡದ ಬೇರಿನ ಪುಟ್ಟ ಗಂಟುಗಳಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ನೆಲೆಸಿ, ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಒಂದು ಗಂಟನ್ನು ಸೀಳಿದಾಗ ಒಳಗೆ ನಸುಗೆಂಪಾಗಿದ್ದರೆ ಆ ಕೆಲಸ ನಡೆಯುತ್ತಿದೆ ಎಂದರ್ಥ. ಬದನೆ, ಟೊಮೆಟೊ ಗಿಡಗಳನ್ನು ಸೊರಗಿಸುವ ಜಂತುಹುಳುಗಳ ಹಾವಳಿಯೂ ಈ ಬೆಳೆಯಿಂದ ತಗ್ಗುತ್ತದೆ. ನೀರು ನಿಲ್ಲುವ ಜಾಗಕ್ಕೆ ಮಾತ್ರ ಡಯಾಂಚವೇ ಲೇಸು.

ಕಷ್ಟವಿರುವುದು ಮುಂದೆ. ಸುಮಾರು 45–50 ದಿನಗಳಿಗೆ ಗಿಡದ ತುದಿಯಲ್ಲಿ ಹಳದಿ ಹೂಗೊಂಚಲು ಬಿರಿಯುತ್ತದೆ. ಜೇನು, ಕರಿದುಂಬಿಗಳು ಮುತ್ತುತ್ತವೆ. ಕತ್ತಿ ಹಿಡಿಯಬೇಕಾದ ಸಮಯವೂ ಅದೇ. ‘ಮೇಷ್ಟ್ರೇ, ಅರಳಿದ ಹೂ ಕಡಿಯಲಿಕ್ಕೆ ನಿಮಗೆ ಮನಸ್ಸಾದರೂ ಹೇಗೆ ಬರ್ತದೆ?’ ಎಂದು ಪಕ್ಕದ ಮನೆಯವರು ಕೇಳಿದ್ದುಂಟು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಹೂಬಿಡುವ ಹೊತ್ತಿಗೆ ಎಲೆ, ಎಳೆಕಾಂಡಗಳಲ್ಲಿ ತುಂಬಿರುವ ಸಾರ ತಡಮಾಡಿದರೆ ಬೀಜಕ್ಕೆ ಹೋಗುತ್ತದೆ. ಹಗ್ಗ ಹೊಸೆಯಲು ಬಳಕೆಯಾಗುವ ಗಿಡವಿದು; ಬಲಿತ ಕಾಂಡ ಬರೀ ನಾರು. ಆ ನಾರು ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಹೀರಿಕೊಂಡು ಮುಂದಿನ ಬೆಳೆಯನ್ನು ಹಳದಿಯಾಗಿಸುತ್ತದೆ. ಅಂಚಿನ ಒಂದು ಸಾಲನ್ನು ನಾನು ಜೇನಿಗೆಂದು ಬಿಡುತ್ತೇನೆ. ಬೀಜ ದನಕರುಗಳಿಗೆ ವಿಷವಾದ್ದರಿಂದ ಕಾಯಿ ಬಲಿಯುವ ಮೊದಲೇ ಅದನ್ನೂ ತೆಗೆಯುತ್ತೇನೆ.

ಕಡಿದ ಸೊಪ್ಪನ್ನು ಕೊಚ್ಚಿ ಮೇಲ್ಮಣ್ಣಿಗೆ ಸೇರಿಸಿ, ಎರಡು-ಮೂರು ವಾರ ಕಳಿಯಲು ಬಿಟ್ಟು, ಅನಂತರ ತರಕಾರಿ ಹಾಕಬಹುದು. ಒಂದೇ ಬೆಳೆಯಿಂದ ಪವಾಡ ನಡೆಯುವುದಿಲ್ಲ. ಮೂರು ಮಳೆಗಾಲ ಈ ಕ್ರಮ ಅನುಸರಿಸಿದ ಮೇಲೆ ನಮ್ಮ ಹಿತ್ತಿಲಿನಲ್ಲಿ ಗುದ್ದಲಿ ಸಲೀಸಾಗಿ ಇಳಿಯುತ್ತಿದೆ, ಎರೆಹುಳು ಕಾಣಿಸುತ್ತಿದೆ, ಮಳೆನೀರು ಚರಂಡಿಗೆ ಓಡುವ ಬದಲು ಇಂಗುತ್ತಿದೆ.

ರಾಜ್ಯ ಸರ್ಕಾರ 2004ರಲ್ಲಿಯೇ ಸಾವಯವ ಕೃಷಿ ನೀತಿ ರೂಪಿಸಿತು. ನಗರವಾಸಿಗಳಾದ ನಾವು ಅದು ರೈತರಿಗೆ ಹೇಳಿದ ಮಾತೆಂದು ಸುಮ್ಮನಿದ್ದೇವೆ. ಸಲಹೆ ಬೇಕೆಂದರೆ ನವುಲೆಯ ಕೃಷಿ ಕಾಲೇಜು ಊರಿನಲ್ಲೇ ಇದೆ. ಬಡಾವಣೆಗಳ ಖಾಲಿ ನಿವೇಶನಗಳಲ್ಲಿ ಪ್ರತಿವರ್ಷ ಕಾಂಗ್ರೆಸ್ ಗಿಡ ಆಳೆತ್ತರ ಬೆಳೆಯುತ್ತದೆ. ಮಾಲೀಕರು ಒಪ್ಪಿದರೆ ಅಲ್ಲಿ ಅಪ್ಸೆಣಬು ಎರಚುವುದಕ್ಕೆ ಅರ್ಧ ದಿನವೂ ಬೇಡ.