ಎಕ್ಸ್-ರೇ ಸ್ಪೆಕ್ಸ್: ಐದು ಸಿಂಗಲ್, ಒಂದು ಆಲ್ಬಂ, ಅಷ್ಟೇ!

1976ರ ಜುಲೈ 3. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಹೇಸ್ಟಿಂಗ್ಸ್ ಪಟ್ಟಣ. ಕಡಲಿನೊಳಕ್ಕೆ ಚಾಚಿದ ಕಟ್ಟೆಯ ಮೇಲಿನ ಸಭಾಂಗಣದಲ್ಲಿ ಸೆಕ್ಸ್ ಪಿಸ್ತೂಲ್ಸ್ ಎಂಬ ತಂಡ ಹಾಡುತ್ತಿತ್ತು. ತಂಡದ ಹೆಸರು ಆಗಿನ್ನೂ ಹೆಚ್ಚು ಜನರ ಕಿವಿಗೆ ಬಿದ್ದಿರಲಿಲ್ಲ. ಕೇಳುಗರ ನಡುವೆ ಮರಿಯನ್ ಎಲಿಯಟ್ ಎಂಬ ಯುವತಿಯೂ ಇದ್ದಳು. ಅಂದು ಆಕೆಯ ಹತ್ತೊಂಬತ್ತನೆಯ ಹುಟ್ಟುಹಬ್ಬ.

ತಂದೆ ಸೊಮಾಲಿಯಾ ಮೂಲದವರು, ತಾಯಿ ಬಿಳಿಯ ಬ್ರಿಟಿಷ್ ಮಹಿಳೆ. ಮರಿಯನ್ ಬೆಳೆದದ್ದು ಲಂಡನ್ನಿನ ಬ್ರಿಕ್ಸ್ಟನ್ ಬಡಾವಣೆಯಲ್ಲಿ. ಹದಿನೈದರ ವಯಸ್ಸಿನಲ್ಲೇ ಮನೆ ಬಿಟ್ಟು, ಸಂಗೀತೋತ್ಸವದಿಂದ ಸಂಗೀತೋತ್ಸವಕ್ಕೆ ಅಲೆದ ಹುಡುಗಿ. ಅದೇ ವರ್ಷ ರೆಗ್ಗೆ ಶೈಲಿಯ ಒಂದು ಸಿಂಗಲ್ ಕೂಡ ಹಾಡಿದ್ದಳು, ಅದು ಬಂದದ್ದೂ ಹೋದದ್ದೂ ಯಾರಿಗೂ ತಿಳಿಯಲಿಲ್ಲ. ಹೇಸ್ಟಿಂಗ್ಸ್‌ನಲ್ಲಿ ಕಂಡ ತಂಡಕ್ಕೆ ಸಂಗೀತದ ಪಾಂಡಿತ್ಯವೇನೂ ಇರಲಿಲ್ಲ. ಇವರಿಂದ ಆಗುವುದಾದರೆ ತನ್ನಿಂದೇಕೆ ಆಗದು ಎಂದುಕೊಂಡ ಆಕೆ, ಸಂಗೀತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ತಂಡ ಕಟ್ಟಿಯೇಬಿಟ್ಟಳು. ಅದೇ ಎಕ್ಸ್-ರೇ ಸ್ಪೆಕ್ಸ್. 1979ರ ವೇಳೆಗೆ ಅದು ಮುಗಿದೂ ಹೋಗಿತ್ತು.

ಅಂದಿನ ಬ್ರಿಟನ್ನಿನ ಸ್ಥಿತಿಯನ್ನು ನೆನೆಯದೆ ಈ ಕಥೆ ಅರ್ಥವಾಗುವುದಿಲ್ಲ. ನಿರುದ್ಯೋಗಿಗಳ ಸಂಖ್ಯೆ ಹತ್ತು ಲಕ್ಷ ದಾಟಿತ್ತು. ಒಂದು ಕಾಲಕ್ಕೆ ಅರ್ಧ ಜಗತ್ತನ್ನಾಳಿದ ದೇಶ 1976ರಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕೆ ಕೈಯೊಡ್ಡಿತ್ತು. ರಾಕ್ ಸಂಗೀತವೋ, ಲಕ್ಷಾಂತರ ಪೌಂಡಿನ ಸಲಕರಣೆ, ಮುಗಿಯದ ಗಿಟಾರ್ ವಾದನಗಳ ನಡುವೆ ಸಾಮಾನ್ಯರ ಕೈಗೆಟುಕದಷ್ಟು ಎತ್ತರಕ್ಕೆ ಏರಿ ಕುಳಿತಿತ್ತು. ಮೂರು ಸ್ವರಮೇಳ ಗೊತ್ತಿದ್ದರೆ ಸಾಕು, ವೇದಿಕೆ ಏರಬಹುದು ಎಂದು ಹೇಳಿದ್ದು ಪಂಕ್.

ಹೊಸ ತಂಡಕ್ಕೆ ಹೊಸ ಹೆಸರು ಬೇಕಿತ್ತು. ದೂರವಾಣಿ ಡೈರೆಕ್ಟರಿಯ ಹಳದಿ ಪುಟಗಳನ್ನು ತಿರುವಿಹಾಕಿದ ಮರಿಯನ್, ತನಗಾಗಿ 'ಪಾಲಿ ಸ್ಟೈರೀನ್' ಎಂಬ ಹೆಸರನ್ನು ಆರಿಸಿಕೊಂಡರು. ನಾವು ಥರ್ಮಾಕೋಲ್ ಎಂದು ಕರೆಯುವ ವಸ್ತುವಿನ ಮೂಲಪದಾರ್ಥ ಅದೇ. ಪಾಪ್ ತಾರೆ ಎಂದರೂ ಬಳಸಿ ಬಿಸಾಡುವ ಅಂಥದೇ ಸರಕು ಎಂಬುದು ಅದರೊಳಗಿನ ವ್ಯಂಗ್ಯ. ಗಿಟಾರ್ ವಾದಕ ಜ್ಯಾಕ್ ಏರ್‌ಪೋರ್ಟ್ ಆದರು. ಸ್ಯಾಕ್ಸೊಫೋನ್ ಹಿಡಿದು ಬಂದ ಶಾಲಾ ಬಾಲಕಿ ಲೋರಾ ಲಾಜಿಕ್ ಆದಳು. ಬಾಸ್ ಗಿಟಾರ್‌ಗೆ ಪಾಲ್ ಡೀನ್, ಡ್ರಮ್ಸ್‌ಗೆ ಬಿ.ಪಿ. ಹರ್ಡಿಂಗ್. ಪಂಕ್ ತಂಡದಲ್ಲಿ ಸ್ಯಾಕ್ಸೊಫೋನ್ ಅಪರೂಪ. ಗಿಟಾರಿನ ಗದ್ದಲದ ಮೇಲೆ ಅದು ಕೂಗಿ ಕರೆದಂತೆ ನುಡಿಯುತ್ತಿತ್ತು, ಅದರ ಮೇಲೆ ಪಾಲಿಯ ಕಂಠ. ಎಷ್ಟೇ ಅಬ್ಬರವಿದ್ದರೂ ಧಾಟಿ ಮಾತ್ರ ಒಮ್ಮೆ ಕೇಳಿದರೆ ಮನಸ್ಸಿನಲ್ಲಿ ಉಳಿಯುವಂಥದು. ಪಂಕ್‌ನೊಳಗೆ ಪಾಪ್ ಅಡಗಿದ್ದುದು ಅಲ್ಲಿ.

ಲಂಡನ್ನಿನ ರಾಕ್ಸಿ ಕ್ಲಬ್ಬಿನಲ್ಲಿ ಹಾಡಿ ಗಮನ ಸೆಳೆದ ತಂಡ, 1977ರಲ್ಲಿ ವರ್ಜಿನ್ ಕಂಪನಿಯ ಮೂಲಕ 'ಓ ಬಾಂಡೇಜ್ ಅಪ್ ಯುವರ್ಸ್' ಎಂಬ ಮೊದಲ ಸಿಂಗಲ್ ಹೊರತಂದಿತು. ಹೆಸರು ಕೇಳಿದವರು ಅದನ್ನು ಅಶ್ಲೀಲವೆಂದು ಬಗೆದರು. ವಾಸ್ತವದಲ್ಲಿ ಅದು ಹೆಣ್ಣನ್ನೂ, ಕೊಳ್ಳುವುದೊಂದೇ ಕೆಲಸವಾದ ಗ್ರಾಹಕನನ್ನೂ ಬಿಗಿದ ಸಂಕೋಲೆಗಳ ವಿರುದ್ಧದ ಕೂಗು. ಜನಪ್ರಿಯತೆಯ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಇಂದು ತಂಡದ ಹೆಸರೆತ್ತಿದರೆ ಮೊದಲು ನೆನಪಾಗುವುದು ಅದೇ ಹಾಡು! ಸ್ವಲ್ಪ ದಿನದಲ್ಲೇ ಲೋರಾ ತಂಡದಿಂದ ಹೊರಬಿದ್ದಳು, ಆಕೆಯ ಜಾಗಕ್ಕೆ ರೂಡಿ ಥಾಮ್ಸನ್ ಬಂದರು.

ಮುಂದಿನ ವರ್ಷ ಇಎಂಐ ಜತೆ ಒಪ್ಪಂದವಾಯಿತು. 'ದಿ ಡೇ ದಿ ವರ್ಲ್ಡ್ ಟರ್ನ್ಡ್ ಡೇ-ಗ್ಲೋ' 23ನೇ ಸ್ಥಾನಕ್ಕೆ, 'ಐಡೆಂಟಿಟಿ' 24ಕ್ಕೆ, 'ಜರ್ಮ್‌ಫ್ರೀ ಅಡಾಲಸೆಂಟ್ಸ್' 19ಕ್ಕೆ ತಲುಪಿದವು. ಆ ಕೊನೆಯ ಹಾಡಿನ ಹೆಸರನ್ನೇ ಹೊತ್ತ ಆಲ್ಬಂ 1978ರ ನವೆಂಬರ್‌ನಲ್ಲಿ ಬಂದು 30ನೇ ಸ್ಥಾನ ಪಡೆಯಿತು. ಹೇಳಿಕೊಳ್ಳುವಂಥ ಅಂಕಿಗಳಲ್ಲ, ನಿಜ. ಆದರೆ ಹಾಡುಗಳ ವಸ್ತುವನ್ನು ಗಮನಿಸಬೇಕು. ಪ್ಲಾಸ್ಟಿಕ್ ಚೀಲ, ನೈಲಾನ್, ಸೂಪರ್ ಮಾರ್ಕೆಟ್, ಅತಿಯಾದ ಶುಚಿತ್ವದ ಗೀಳು, ತಳಿ ತಂತ್ರಜ್ಞಾನ, ಕನ್ನಡಿ ಹಾಗೂ ಪರದೆಯಲ್ಲಿ ತನ್ನನ್ನೇ ಹುಡುಕುವ ಹುಡುಗಿ! ಸಮಕಾಲೀನ ಪಂಕ್ ತಂಡಗಳು ರಾಣಿಯನ್ನೂ ಸರ್ಕಾರವನ್ನೂ ಬೈಯುತ್ತಿದ್ದಾಗ ಪಾಲಿಯ ಕಣ್ಣು ಅಂಗಡಿಯ ಕಪಾಟಿನ ಮೇಲಿತ್ತು. ಆ ಬಣ್ಣದ ಲೋಕ ಆಕೆಗೆ ಬರೀ ಅಸಹ್ಯವಾಗಿರಲಿಲ್ಲ, ಅದರ ಮೋಹವೂ ಇತ್ತು. ಹಾಡುಗಳು ಉಪದೇಶವಾಗದೆ ಉಳಿದದ್ದಕ್ಕೆ ಇದೇ ಕಾರಣವೆನ್ನಬಹುದು.

ವಿಕ್ಟೋರಿಯಾ ಪಾರ್ಕಿನ ಆ ದಿನ

ವಲಸಿಗರ ವಿರುದ್ಧ ನ್ಯಾಷನಲ್ ಫ್ರಂಟ್ ಪಕ್ಷ ಬೀದಿಗಿಳಿದಿದ್ದ ಕಾಲವದು. 1976ರಲ್ಲಿ ಖ್ಯಾತ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ವೇದಿಕೆಯ ಮೇಲಿಂದಲೇ ವಲಸಿಗರ ವಿರುದ್ಧ ಮಾತನಾಡಿದ್ದರು. ಅದಕ್ಕೆ ಪ್ರತಿಯಾಗಿ ಹುಟ್ಟಿದ್ದೇ 'ರಾಕ್ ಅಗೇನ್ಸ್ಟ್ ರೇಸಿಸಂ' ಚಳವಳಿ. 1978ರ ಏಪ್ರಿಲ್ 30ರಂದು ಟ್ರಫಾಲ್ಗರ್ ಚೌಕದಿಂದ ಹೊರಟ ಮೆರವಣಿಗೆ ಪೂರ್ವ ಲಂಡನ್ನಿನ ವಿಕ್ಟೋರಿಯಾ ಪಾರ್ಕ್ ತಲುಪಿದಾಗ ಅಲ್ಲಿ ಸೇರಿದವರು ಹತ್ತಾರು ಸಾವಿರ. ದಿ ಕ್ಲಾಶ್, ಸ್ಟೀಲ್ ಪಲ್ಸ್ ತಂಡಗಳು ಹಾಡಿದ ಆ ವೇದಿಕೆಯನ್ನು ಎಕ್ಸ್-ರೇ ಸ್ಪೆಕ್ಸ್ ಕೂಡ ಏರಿತು. ತನ್ನನ್ನು ಯಾರಾದರೂ ಮಾದಕ ತಾರೆಯಾಗಿಸಲು ಹೊರಟರೆ ತಲೆ ಬೋಳಿಸಿಕೊಳ್ಳುವುದಾಗಿ ಪಾಲಿ ಹಿಂದೆ ಹೇಳಿದ್ದರು. ಅಂದು ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿದಾಗ ಕಂಡದ್ದು ಬೋಳಿಸಿದ ತಲೆಯೇ. ಇದಾದ ನಾಲ್ಕೇ ದಿನಕ್ಕೆ, ಅದೇ ಪೂರ್ವ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಬಾಂಗ್ಲಾದೇಶ ಮೂಲದ ಜವಳಿ ಕಾರ್ಮಿಕ ಅಲ್ತಾಬ್ ಅಲಿಯ ಹತ್ಯೆಯಾಯಿತು. ಹಾಡು ಯಾವ ಹೊತ್ತಿನಲ್ಲಿ, ಯಾರ ನಡುವೆ ನಡೆಯಿತು ಎಂಬುದಕ್ಕೆ ಬೇರೆ ವಿವರಣೆ ಬೇಡ.

ತಪ್ಪಿದ ರೋಗನಿರ್ಣಯ

ನಿರಂತರ ಪ್ರವಾಸ, ನಿದ್ದೆಗೇಡು, ಹಲ್ಲಿಗೆ ಹಾಕಿಸಿದ್ದ ತಂತಿಯನ್ನೂ ಮೈಕಟ್ಟನ್ನೂ ಬಿಡದೆ ವರ್ಣಿಸುತ್ತಿದ್ದ ಪತ್ರಿಕೆಗಳು. 1978ರಲ್ಲಿ ಡಾನ್‌ಕಾಸ್ಟರ್‌ನಲ್ಲಿ ಕಾರ್ಯಕ್ರಮ ಮುಗಿಸಿದ ರಾತ್ರಿ, ಆಕಾಶದಲ್ಲಿ ಗುಲಾಬಿ ಬಣ್ಣದ ಬೆಳಕಿನ ವಸ್ತುವೊಂದು ಕಂಡಿತೆಂದೂ, ಮುಟ್ಟಿದ್ದೆಲ್ಲ ಚಟಪಟ ಸಿಡಿಯುತ್ತಿದೆಯೆಂದೂ ಪಾಲಿ ಹೇಳತೊಡಗಿದರು. ಆಕೆಯನ್ನು ಆಸ್ಪತ್ರೆಗೆ ಸೇರಿಸಲಾಯಿತು. ವೈದ್ಯರು ಸ್ಕಿಜೋಫ್ರೇನಿಯಾ ಎಂದರು. ಅದು ಬೈಪೋಲಾರ್ ಕಾಯಿಲೆ ಎಂಬ ಸರಿಯಾದ ನಿರ್ಣಯ ಸಿಕ್ಕಿದ್ದು 1991ರಲ್ಲಿ. ನಡುವೆ ಕಳೆದದ್ದು ಹನ್ನೆರಡಕ್ಕೂ ಹೆಚ್ಚು ವರ್ಷ.

1979ರ 'ಹೈಲಿ ಇನ್‌ಫ್ಲೇಮಬಲ್' 45ನೇ ಸ್ಥಾನದಲ್ಲೇ ನಿಂತಿತು. ಅದೇ ವರ್ಷ ತಂಡ ಚದುರಿತು. ಏರ್‌ಪೋರ್ಟ್ ಮತ್ತು ಹರ್ಡಿಂಗ್ 'ಕ್ಲಾಸಿಕ್ಸ್ ನೂವೋ' ತಂಡ ಸೇರಿದರು. ಪಾಲಿ 1980ರಲ್ಲಿ 'ಟ್ರಾನ್ಸ್‌ಲೂಸೆನ್ಸ್' ಎಂಬ ಮೆಲುದನಿಯ ಆಲ್ಬಂ ತಂದರು. ಅಬ್ಬರವನ್ನು ನಿರೀಕ್ಷಿಸಿದ್ದವರು ಅದನ್ನು ಕೊಳ್ಳಲಿಲ್ಲ. ಅನಂತರ ಆಕೆ ನಡೆದದ್ದು ಇಸ್ಕಾನ್ ಕಡೆಗೆ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1973ರಲ್ಲಿ ಕೃಷ್ಣಭಕ್ತರಿಗೆ ಕೊಡಿಸಿದ್ದ, ಲಂಡನ್ ಹೊರವಲಯದ ಭಕ್ತಿವೇದಾಂತ ಮ್ಯಾನರ್‌ನಲ್ಲಿ ಪುಟ್ಟ ಮಗಳೊಂದಿಗೆ ಕೆಲಕಾಲ ನೆಲೆಸಿದರು. ಪ್ಲಾಸ್ಟಿಕ್ ಲೋಕವನ್ನು ಹಾಡಿದ ಗಾಯಕಿ ಕೃಷ್ಣನಾಮಕ್ಕೆ ತಿರುಗಿದ್ದು ಪತ್ರಿಕೆಗಳಿಗೆ ವಿಚಿತ್ರವಾಗಿ ಕಂಡಿತು. ತಂಡದಿಂದ ಹೊರಬಿದ್ದಿದ್ದ ಲೋರಾ ಲಾಜಿಕ್ ಕೂಡ ಅದೇ ಪಂಥ ಸೇರಿದ್ದು ಇನ್ನೊಂದು ಸ್ವಾರಸ್ಯ.

1995ರಲ್ಲಿ ಪಾಲಿ, ಲೋರಾ, ಪಾಲ್ ಡೀನ್ ಮತ್ತೆ ಕೂಡಿ 'ಕಾನ್ಶಸ್ ಕನ್ಸ್ಯೂಮರ್' ಎಂಬ ಆಲ್ಬಂ ತಂದರು. ಆ ಬಳಿಕ ಅಗ್ನಿಶಾಮಕ ವಾಹನವೊಂದು ಬಡಿದು ಪಾಲಿಯ ಸೊಂಟದ ಮೂಳೆ ಮುರಿಯಿತು, ಪ್ರಚಾರದ ಮಾತು ಅಲ್ಲಿಗೇ ನಿಂತಿತು. ಜ್ಯಾಕ್ ಏರ್‌ಪೋರ್ಟ್ 2004ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. 2008ರಲ್ಲಿ ಲಂಡನ್ನಿನ ರೌಂಡ್‌ಹೌಸ್‌ನಲ್ಲಿ ತಂಡದ ಹೆಸರಿನಲ್ಲಿ ಪಾಲಿ ಮತ್ತೊಮ್ಮೆ ಹಾಡಿದರು. ಅಷ್ಟರಲ್ಲಿ ಅಮೆರಿಕದ 'ರಯಟ್ ಗರ್ಲ್' ಚಳವಳಿಯ ಹೊಸ ತಲೆಮಾರು ಆಕೆಯನ್ನು ತಮ್ಮ ಹಿರಿಯಕ್ಕನೆಂದು ಒಪ್ಪಿಕೊಂಡಾಗಿತ್ತು. 2011ರ ಮಾರ್ಚ್‌ನಲ್ಲಿ 'ಜನರೇಷನ್ ಇಂಡಿಗೊ' ಬಿಡುಗಡೆಯಾದಾಗ ಪಾಲಿ ಸ್ತನ ಕ್ಯಾನ್ಸರ್‌ನಿಂದ ಹಾಸಿಗೆ ಹಿಡಿದಿದ್ದರು. ಏಪ್ರಿಲ್ 25ರಂದು, 53ನೇ ವಯಸ್ಸಿನಲ್ಲಿ ನಿಧನರಾದರು.

ಮಗಳು ಸೆಲೆಸ್ಟ್ ಬೆಲ್ ತಾಯಿಯ ಕಾಗದಪತ್ರಗಳನ್ನು ಜೋಡಿಸಿ 2019ರಲ್ಲಿ 'ಡೇಗ್ಲೋ' ಎಂಬ ಪುಸ್ತಕವನ್ನು ಜಂಟಿಯಾಗಿ ಹೊರತಂದರು. 2021ರಲ್ಲಿ ಸಹನಿರ್ದೇಶಕಿಯಾಗಿ ಸಾಕ್ಷ್ಯಚಿತ್ರವನ್ನೂ ಮಾಡಿದರು. ಹಾಡುಗಾರ್ತಿಯ ಗುಣಗಾನಕ್ಕಷ್ಟೇ ಅದು ಮೀಸಲಲ್ಲ. ತಾಯಿಯ ಕಾಯಿಲೆಯ ದಿನಗಳಲ್ಲಿ ಮಗುವೊಂದು ಪಟ್ಟ ಪಾಡನ್ನೂ ಅದು ಮುಚ್ಚಿಡದೆ ತೋರಿಸುತ್ತದೆ.