ರೆಕಾರ್ಡ್ ಪುಸ್ತಕದಲ್ಲಿ ಇಲ್ಲದ ವಾಕ್ಯ

ಪ್ರಾಕ್ಟಿಕಲ್ ಪರೀಕ್ಷೆಗೆ ಇನ್ನು ನಾಲ್ಕೇ ದಿನ ಎನ್ನುವಾಗ ಡಿಗ್ರಿ ಕಾಲೇಜಿನ ಹಾಸ್ಟೆಲುಗಳಲ್ಲಿ ಸಾಮಾನ್ಯವಾಗಿ ಕಾಣುವ ನೋಟ ಒಂದೇ. ಹಿಂದಿನ ವರ್ಷ ಯಾರೋ ಜಾಣರು ಬರೆದಿಟ್ಟ ರೆಕಾರ್ಡ್ ಪುಸ್ತಕ ನಡುವೆ, ಸುತ್ತ ಐದಾರು ಮಂದಿ. ಉದ್ದೇಶ, ಸಲಕರಣೆ, ತತ್ತ್ವ, ವಿಧಾನ, ಫಲಿತಾಂಶ ಎಲ್ಲವೂ ಒಂದಕ್ಷರ ಬಿಡದಂತೆ ಪುಸ್ತಕದಿಂದ ಪುಸ್ತಕಕ್ಕೆ ಇಳಿಯುತ್ತವೆ. ಮೂಲದಲ್ಲಿ ತಪ್ಪಿದ್ದರೆ ತಪ್ಪೂ ಇಳಿಯುತ್ತದೆ. ಬೆಳಗಾಗುವಷ್ಟರಲ್ಲಿ ಕಂದು ಕಾಗದದ ಹೊದಿಕೆ ಹಾಕಿ, ಲೇಬಲ್ ಅಂಟಿಸಿ, ಅಧ್ಯಾಪಕರ ಸಹಿಗೆ ಸಿದ್ಧ.

ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರು ಪುಟ ತಿರುಗಿಸುತ್ತ ಒಂದು ಸಣ್ಣ ಪ್ರಶ್ನೆ ಕೇಳುತ್ತಾರೆ: ‘ಸರಳ ಲೋಲಕದಲ್ಲಿ ಇಪ್ಪತ್ತು ಆಂದೋಲನಕ್ಕೆ ಸಮಯ ತೆಗೆದುಕೊಂಡಿದ್ದೀಯಲ್ಲ, ಒಂದಕ್ಕೆ ತೆಗೆದುಕೊಂಡರೆ ಏನಾಗುತ್ತಿತ್ತು?’ ಹುಡುಗ ನೆಲ ನೋಡುತ್ತಾನೆ. ಅವನ ರೆಕಾರ್ಡಿನಲ್ಲಿ ಅಕ್ಷರ ಮುತ್ತಿನಂತಿದೆ, ಚಿತ್ರ ಅಂದವಾಗಿದೆ, ಉತ್ತರವೂ 9.8ಕ್ಕೆ ಹತ್ತಿರವಿದೆ. ಆದರೆ ಆ ಪ್ರಶ್ನೆಗೆ ಉತ್ತರವಾಗುವ ವಾಕ್ಯ ಮಾತ್ರ ಇಲ್ಲ. ಅದು ಇರಲೂ ಸಾಧ್ಯವಿಲ್ಲ. ಯಾರೂ ಅದನ್ನು ಬರೆಯಲು ಕೇಳಿಯೇ ಇಲ್ಲ.

ಉತ್ತರವೇನೂ ಕಷ್ಟದ್ದಲ್ಲ. ಒಂದು ಮೀಟರ್ ಉದ್ದದ ಲೋಲಕ ಒಮ್ಮೆ ಹೋಗಿ ಬರಲು ಸುಮಾರು ಎರಡು ಸೆಕೆಂಡ್ ಬೇಕು. ಸ್ಟಾಪ್‌ವಾಚ್ ಒತ್ತುವ ಬೆರಳು ಸೆಕೆಂಡಿನ ಐದನೆಯ ಒಂದು ಭಾಗ ತಡಮಾಡಿದರೂ ಒಂದೇ ಆಂದೋಲನದಲ್ಲಿ ಅದು ಹತ್ತನೆಯ ಒಂದು ಭಾಗದ ದೋಷ. ಗುರುತ್ವ ವೇಗೋತ್ಕರ್ಷದ ಲೆಕ್ಕದಲ್ಲಿ ಕಾಲದ ವರ್ಗ ಬರುವುದರಿಂದ 9.8 ಬರಬೇಕಾದಲ್ಲಿ ಎಂಟೋ ಹನ್ನೆರಡೋ ಬರುತ್ತದೆ. ಇಪ್ಪತ್ತು ಆಂದೋಲನಕ್ಕೆ ನಲವತ್ತು ಸೆಕೆಂಡ್. ಅದೇ ತಡ ಇನ್ನೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇದನ್ನು ಒಮ್ಮೆ ತನ್ನದೇ ಮಾತಿನಲ್ಲಿ ನಾಲ್ಕು ಸಾಲು ಬರೆದ ವಿದ್ಯಾರ್ಥಿ ಪರೀಕ್ಷಕರ ಮುಂದೆ ನೆಲ ನೋಡಬೇಕಾಗಿಲ್ಲ.

ಹಾಗಾದರೆ ಆ ನಾಲ್ಕು ಸಾಲನ್ನು ಬರೆಸಬೇಕಾದವರು ಯಾರು? ‘ಬರವಣಿಗೆ ಭಾಷಾ ವಿಭಾಗದ ಕೆಲಸ’ ಎಂದು ಭೌತಶಾಸ್ತ್ರದವರು ಹೇಳುತ್ತಾರೆ. ಭಾಷೆಯ ಅಧ್ಯಾಪಕರು ಪ್ರಬಂಧ ಬರೆಸಿಯಾರು. ಲೋಲಕದ ಗೊಡವೆ ಅವರಿಗೇಕೆ? ಅರ್ಥಶಾಸ್ತ್ರದ ತರಗತಿಯಲ್ಲಿ ನೋಟ್ಸ್ ಹೇಳಿ ಬರೆಸುತ್ತಾರೆ, ಇತಿಹಾಸದಲ್ಲಿ ‘ಪಾಯಿಂಟ್ಸ್’ ಸಾಕು. ಹೀಗೆ ಮೂರು ವರ್ಷ ಕೈ ಬರೆಯುತ್ತಲೇ ಇದ್ದರೂ ವಿದ್ಯಾರ್ಥಿ ಒಂದೂ ಸ್ವಂತ ವಾಕ್ಯ ಬರೆಯದೆ ಪದವಿ ಪಡೆದು ಹೊರಬರುತ್ತಾನೆ.

ಈ ದೂರು ನಮ್ಮಲ್ಲಿ ಮಾತ್ರ ಇರುವುದಲ್ಲ. ಲಂಡನ್ನಿನಲ್ಲಿ ಜೇಮ್ಸ್ ಬ್ರಿಟನ್ ಮತ್ತು ಸಂಗಡಿಗರು ಹನ್ನೊಂದರಿಂದ ಹದಿನೆಂಟು ವರ್ಷದ ಶಾಲಾ ಮಕ್ಕಳು ಎಲ್ಲ ವಿಷಯಗಳಲ್ಲಿ ಬರೆದ ಎರಡು ಸಾವಿರಕ್ಕೂ ಹೆಚ್ಚು ಬರಹಗಳನ್ನು ಸಂಗ್ರಹಿಸಿ ಪರಿಶೀಲಿಸಿದರು. 1975ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಸುಮಾರು ಅರ್ಧದಷ್ಟು ಬರಹಗಳು ಪರೀಕ್ಷಕನ ಸ್ಥಾನದಲ್ಲಿದ್ದ ಅಧ್ಯಾಪಕರಿಗಾಗಿ ಬರೆದವು. ಅಂದರೆ, ಗೊತ್ತಿರುವವರಿಗೆ ಗೊತ್ತಿರುವುದನ್ನೇ ಒಪ್ಪಿಸುವುದು. ಗೊತ್ತಿಲ್ಲದ್ದನ್ನು ತಡಕಾಡುತ್ತ ಬರೆದ ಬರಹಗಳು ತೀರ ಕಡಮೆ.

ಅಮೆರಿಕದಲ್ಲಿ ಅಯೋವಾ ರಾಜ್ಯದ ಪೆಲ್ಲಾ ಎಂಬ ಸಣ್ಣ ಊರಿನ ಕಾಲೇಜೊಂದರಲ್ಲಿ ಬಾರ್ಬರಾ ವಾಲ್ವೂರ್ಡ್ ಎಂಬ ಇಂಗ್ಲಿಷ್ ಅಧ್ಯಾಪಕಿ 1969-70ರಲ್ಲಿ ಬೇರೆ ಬೇರೆ ವಿಭಾಗದ ಸಹೋದ್ಯೋಗಿಗಳನ್ನು ಒಟ್ಟಿಗೆ ಕೂರಿಸಿ ವಿದ್ಯಾರ್ಥಿಗಳ ಬರವಣಿಗೆಯ ಬಗ್ಗೆ ಚರ್ಚೆ ನಡೆಸಿದರು. ಎಲ್ಲ ವಿಷಯಗಳಲ್ಲೂ ಬರೆಸಬೇಕೆಂಬ ಚಳವಳಿ ಅಲ್ಲಿನ ಕಾಲೇಜುಗಳಿಗೆ ಹಬ್ಬಿದ್ದು ಇಂಥ ಸಭೆಗಳಿಂದ. ಎಂಜಿನಿಯರುಗಳನ್ನು ತಯಾರಿಸುವ ಎಂ.ಐ.ಟಿ.ಯಲ್ಲೇ 2001ರಿಂದ ಪ್ರತಿ ಪದವಿ ವಿದ್ಯಾರ್ಥಿಯೂ ಬರವಣಿಗೆ ಮತ್ತು ಮಾತಿಗೆ ಒತ್ತು ಕೊಡುವ ನಾಲ್ಕು ಪತ್ರಿಕೆಗಳನ್ನು ಓದಬೇಕು. ಅವುಗಳಲ್ಲಿ ಎರಡು ಅವನ ಮುಖ್ಯ ವಿಷಯದಲ್ಲೇ ಇರಬೇಕು. ಈ ಎರಡನೆಯ ಮಾತು ಗಮನಿಸಬೇಕಾದದ್ದು.

ಇದಕ್ಕೆಲ್ಲ ಬಹಳ ಹಿಂದೆಯೇ ಮೈಕೇಲ್ ಫ್ಯಾರಡೆ ತನ್ನ ಮಟ್ಟಿಗೆ ಒಂದು ದಾರಿ ಕಂಡುಕೊಂಡಿದ್ದ. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತವನು, ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಸರ್ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಬರೆದು, ತಾನೇ ಕಟ್ಟಿದ ಪುಸ್ತಕವನ್ನು ಅವನಿಗೇ ಕಳಿಸಿ 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕೆಲಸ ಗಿಟ್ಟಿಸಿಕೊಂಡ ಕತೆ ಅನೇಕರಿಗೆ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಇದು: 1818ರಲ್ಲಿ ಅವನೂ ಕೆಲವು ಗೆಳೆಯರೂ ಸೇರಿ ಒಂದು ಬರವಣಿಗೆಯ ಕೂಟ ಮಾಡಿಕೊಂಡರು. ಪ್ರತಿಯೊಬ್ಬರೂ ಹೆಸರು ಹಾಕದೆ ಸಣ್ಣ ಪ್ರಬಂಧಗಳನ್ನು ಬರೆದು ಕೊಡುವುದು, ಅವನ್ನೆಲ್ಲ ಒಂದೇ ಪುಸ್ತಕದಲ್ಲಿ ಸೇರಿಸುವುದು. ಆಮೇಲಿನ ವರ್ಷಗಳಲ್ಲಿ ಫ್ಯಾರಡೆ ತನ್ನ ಪ್ರಯೋಗಗಳ ದಿನಚರಿಯಲ್ಲಿ ಒಂದೊಂದು ಟಿಪ್ಪಣಿಗೂ ಸಂಖ್ಯೆ ಹಾಕುತ್ತ ಹೋದ. ಅದು 16041ರವರೆಗೆ ಹೋಯಿತು. ಸೋತ ಪ್ರಯೋಗಗಳೂ ಅಲ್ಲಿವೆ. ನಮ್ಮ ರೆಕಾರ್ಡ್ ಪುಸ್ತಕಗಳಲ್ಲಿ ಪ್ರಯೋಗ ಸೋಲುವುದೇ ಇಲ್ಲ!

ನಮ್ಮ ನೆಲದಲ್ಲೂ ಉದಾಹರಣೆ ಇಲ್ಲದಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಪ್ರಾಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಮರುವರ್ಷ ಅದೇ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳ ‘ಪ್ರಬುದ್ಧ ಕರ್ಣಾಟಕ’ ಬಂತು. ವೆಂಕಟನಾರಣಪ್ಪನವರು ಪಂಪಭಾರತವನ್ನೂ ಸಂಪಾದಿಸಿದರು, ‘ಜೀವವಿಜ್ಞಾನ’ವನ್ನೂ ಬರೆದರು. ಭೌತಶಾಸ್ತ್ರದವರಿಗೆ ಬರವಣಿಗೆ ಸಂಬಂಧಿಸಿದ್ದಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ.

ಇಂದಿನ ತರಗತಿಯಲ್ಲಿ ಇದನ್ನು ನಡೆಸುವುದು ಹೇಗೆ? ಮೊದಲ ಅಡ್ಡಿ ಸಮಯ. ಅರವತ್ತು ಮಂದಿಯ ನಾಲ್ಕು ವಿಭಾಗಗಳಿದ್ದರೆ ಇನ್ನೂರ ನಲವತ್ತು ಬರಹ. ಒಂದಕ್ಕೆ ಐದು ನಿಮಿಷವೆಂದರೂ ಇಪ್ಪತ್ತು ಗಂಟೆ. ಈ ಲೆಕ್ಕ ಮುಂದಿಟ್ಟು ಕೈಚೆಲ್ಲುವ ಅಧ್ಯಾಪಕರನ್ನು ಸೋಮಾರಿಗಳೆನ್ನುವುದು ಅನ್ಯಾಯ. ಆದರೆ ಬರೆಸಿದ್ದನ್ನೆಲ್ಲ ತಿದ್ದಲೇಬೇಕೆಂಬ ನಿಯಮ ಎಲ್ಲಿದೆ? ಬರ್ಕ್ಲಿಯ ಭೌತಶಾಸ್ತ್ರಜ್ಞ ಚಾರ್ಲ್ಸ್ ಶ್ವಾರ್ಟ್ಸ್ ಅವರ ಹೆಸರಿನೊಂದಿಗೆ ಬಂದ ಒಂದು ಉಪಾಯವಿದೆ. ಪಾಠ ಮುಗಿಯುವ ಮುನ್ನ ಒಂದೆರಡು ನಿಮಿಷ. ಇಂದು ತಿಳಿದ ಮುಖ್ಯ ಸಂಗತಿ ಯಾವುದು, ತಿಳಿಯದೆ ಉಳಿದದ್ದು ಯಾವುದು, ಅಷ್ಟನ್ನು ಚೀಟಿಯಲ್ಲಿ ಬರೆದು ಕೊಡುವುದು. ಅಂಕ ಇಲ್ಲ, ತಿದ್ದುವಿಕೆ ಇಲ್ಲ. ಚೀಟಿಗಳ ಮೇಲೆ ಕಣ್ಣಾಡಿಸಿದರೆ ಮರುದಿನ ಎಲ್ಲಿಂದ ಪಾಠ ಶುರುಮಾಡಬೇಕೆಂಬುದು ಗೊತ್ತಾಗುತ್ತದೆ.

ಎರಡನೆಯ ಅಡ್ಡಿ ಭಾಷೆ. ನಮ್ಮಲ್ಲಿ ಇದೇ ದೊಡ್ಡದು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗಿಗೆ ಪಿ.ಯು.ಸಿ.ಯಲ್ಲಿ ವಿಜ್ಞಾನ ಏಕಾಏಕಿ ಇಂಗ್ಲಿಷಿನಲ್ಲಿ ಎದುರಾಗುತ್ತದೆ. ತರಗತಿಯಲ್ಲಿ ಕೈ ಎತ್ತುತ್ತಿದ್ದವಳು ಬಾಯಿ ಮುಚ್ಚುತ್ತಾಳೆ. ಕಾಪಿ ಮಾಡುವುದು ಅವಳಿಗೆ ಸೋಮಾರಿತನವಲ್ಲ, ರಕ್ಷಣೆ. ಸ್ವಂತ ಇಂಗ್ಲಿಷ್ ವಾಕ್ಯ ಬರೆದು ನಗೆಪಾಟಲಾಗುವುದಕ್ಕಿಂತ ಸೀನಿಯರ್ ಬರೆದ ವಾಕ್ಯ ಕ್ಷೇಮ. ಈಗಂತೂ ಕೇಳಿದರೆ ಇಡೀ ರೆಕಾರ್ಡನ್ನೇ ಬರೆದುಕೊಡುವ ತಂತ್ರಾಂಶ ಮೊಬೈಲಿನಲ್ಲೇ ಇದೆ. ಅದನ್ನು ಹಿಡಿಯಲು ಹೋಗುವುದಕ್ಕಿಂತ, ಮೊದಲ ಕರಡನ್ನು ಪ್ರಯೋಗಶಾಲೆಯಲ್ಲೇ, ಕೈಯಲ್ಲೇ, ಕನ್ನಡದಲ್ಲಿ ಬರೆಯಲು ಬಿಡುವುದು ಸುಲಭ. ಯೋಚನೆ ಒಮ್ಮೆ ಕಾಗದದ ಮೇಲೆ ನಿಂತರೆ ಅದನ್ನು ಇಂಗ್ಲಿಷಿಗೆ ದಾಟಿಸುವುದು ಎರಡನೆಯ ಕೆಲಸ. ಅದಕ್ಕೆ ಇಂಗ್ಲಿಷ್ ವಿಭಾಗದವರ ನೆರವು ಕೇಳಬಹುದು, ಪಕ್ಕದ ಗೆಳತಿಯದೂ ಸಾಕು.

ಲೋಲಕವನ್ನು ಮುಟ್ಟುವ ಮೊದಲೇ ಅರ್ಧ ಪುಟ ಬರೆಸಬಹುದು: ‘ಗುಂಡು ಭಾರವಾದರೆ ಏನಾಗುತ್ತದೆ? ನಿನಗೇಕೆ ಹಾಗೆನಿಸುತ್ತದೆ?’ ಹೀಗೆ ಕೇಳಿದರೆ ‘ಭಾರ ಹೆಚ್ಚಾದರೆ ಬೇಗ ಬೇಗ ಆಡುತ್ತದೆ’ ಎಂದು ಬರೆಯುವವರು ಬಹಳ ಮಂದಿ. ಸೂತ್ರ ಬಾಯಿಪಾಠ ಇದ್ದವರೂ, ಅದರಲ್ಲಿ ಭಾರಕ್ಕೆ ಜಾಗವೇ ಇಲ್ಲವೆಂಬುದನ್ನು ನೋಡದೆ, ಹಾಗೇ ಬರೆಯುತ್ತಾರೆ. ನಕಲು ಮಾಡಿದ ರೆಕಾರ್ಡಿನಲ್ಲಿ ಈ ತಪ್ಪು ಎಂದೂ ಕಾಣಸಿಗುವುದಿಲ್ಲ. ಪದವಿ ಮುಗಿದರೂ ತಲೆಯೊಳಗೆ ಬೆಚ್ಚಗೆ ಕೂತಿರುತ್ತದೆ. ಕಾಗುಣಿತವನ್ನು ಬಿಟ್ಟು, ಅಂಕವನ್ನೂ ಬಿಟ್ಟು, ಅಧ್ಯಾಪಕರು ಪುಟದಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಸಾಲು ಬರೆದರೆ ಸಾಕು: ‘ಕಬ್ಬಿಣದ ಗುಂಡು, ಮರದ ಗುಂಡು ಎರಡನ್ನೂ ಕಟ್ಟಿ ನೋಡು. ಎರಡು ಸಲವೂ ದಾರದ ಉದ್ದ ಗುಂಡಿನ ಮಧ್ಯದವರೆಗೆ ಅಳೆ. ನೋಡಿದ್ದನ್ನು ಇಲ್ಲೇ ಕೆಳಗೆ ಬರೆ.’